ಅಪ್ಪ ಅಮ್ಮನಿಗೆ ನ್ಯೂಯಾರ್ಕ್ ತೋರಿಸುವ ಮುನ್ನ

ಊರಿಂದ ಬಂದ ಅಪ್ಪ ಅಮ್ಮನನ್ನು ನ್ಯೂಯಾರ್ಕಿಗೆ ಕರೆದೊಯ್ಯುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದು ದಿನಕ್ಕೆ ಐದು ಜಾಗ ಇರುತ್ತವೆ. ಮೂರನ್ನು ಹೊಡೆದುಹಾಕಿ. ಓಡಾಟಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಪ್ರತಿ ಜಾಗದ ಬಾಗಿಲಲ್ಲಿರುವ ತಪಾಸಣೆಯ ಸಾಲು. ದೊಡ್ಡ ಜಾಗಗಳಿಗೆಲ್ಲ ಈಗ ತಾರೀಖು, ಗಂಟೆ ನಮೂದಿಸಿದ ಟಿಕೆಟ್ಟೇ. ಒಂದು ಕಡೆ ತಡವಾದರೆ ಮುಂದಿನದ್ದೂ ಕೈತಪ್ಪುತ್ತದೆ. ಬುಕ್ ಮಾಡುವಾಗ ತಾರೀಖನ್ನು ಎರಡು ಸಲ ಓದಿ. ಇಲ್ಲಿ ತಿಂಗಳು ಮೊದಲು: 07/08 ಎಂದರೆ ಜುಲೈ 8, ಆಗಸ್ಟ್ 7 ಅಲ್ಲ. ಊರಲ್ಲಿ ಕೂತು ಬುಕ್ ಮಾಡಿದ ಟಿಕೆಟ್‌ಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ.

ಲಿಬರ್ಟಿ ಪ್ರತಿಮೆಗೆ ಒಂದು ಇಡೀ ಬೆಳಗು ಬೇಕು. ದ್ವೀಪದಲ್ಲಿ ಪ್ರವಾಸಿಗರನ್ನು ಇಳಿಸಲು ಅಧಿಕಾರವಿರುವುದು ಸ್ಟ್ಯಾಚ್ಯೂ ಸಿಟಿ ಕ್ರೂಸಸ್ ಎಂಬ ಒಂದೇ ಕಂಪನಿಗೆ. ಮ್ಯಾನ್‌ಹಟನ್ನಿನ ತುದಿಯಲ್ಲಿ ಸಬ್‌ವೇ ಎಂಬ ನೆಲದಡಿಯ ರೈಲಿನಿಂದ ಇಳಿದು ಮೇಲೆ ಬರುತ್ತಿದ್ದಂತೆ, ಬಣ್ಣದ ಜಾಕೆಟ್ ತೊಟ್ಟು ಕೊರಳಿಗೆ ಕಾರ್ಡ್ ನೇತುಹಾಕಿಕೊಂಡವರು ‘ಇವತ್ತಿನ ಟಿಕೆಟ್ ಇಲ್ಲೇ’ ಎಂದು ಅಡ್ಡ ಬರುತ್ತಾರೆ. ಅವರು ಮಾರುವುದು ಬಹುಪಾಲು ಪ್ರತಿಮೆಯ ಸುತ್ತ ಒಂದು ಸುತ್ತು ಹಾಕಿ, ದ್ವೀಪದಲ್ಲಿ ಇಳಿಸದೆ ಮರಳಿ ತರುವ ದೋಣಿಯ ಟಿಕೆಟ್. ಮಾತಿಗೆ ನಿಲ್ಲದೆ ನೇರ ನಡೆಯಿರಿ. ನಿಜವಾದ ಕೌಂಟರ್ ಇರುವುದು ಬ್ಯಾಟರಿ ಪಾರ್ಕಿನೊಳಗೆ, ಕ್ಯಾಸಲ್ ಕ್ಲಿಂಟನ್ ಎಂಬ ದುಂಡನೆಯ ಹಳೆಯ ಕಲ್ಲುಕೋಟೆಯಲ್ಲಿ. ಆನ್‌ಲೈನಲ್ಲಿ ಮುಂಚೆಯೇ ಕೊಂಡರೆ ಇನ್ನೂ ಒಳ್ಳೆಯದು. ದೊಡ್ಡವರಿಗೆ ಸುಮಾರು 25 ಡಾಲರ್; ಹೋಗಿಬರುವ ದೋಣಿ, ಎಲ್ಲಿಸ್ ದ್ವೀಪ ಎರಡೂ ಅದರಲ್ಲೇ ಸೇರಿವೆ. 62 ದಾಟಿದವರಿಗೆ ರಿಯಾಯಿತಿ ಉಂಟು, ಅಮೆರಿಕದವರೇ ಆಗಬೇಕೆಂದಿಲ್ಲ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇಲ್ಲಿ ನಡೆಯದು, ಏಕೆಂದರೆ ದ್ವೀಪಕ್ಕೆ ಪ್ರವೇಶ ಶುಲ್ಕವೇ ಇಲ್ಲ. ನೀವು ಕೊಡುವುದು ದೋಣಿಯ ದುಡ್ಡು.

ಟಿಕೆಟ್ಟಿನಲ್ಲಿರುವ ಗಂಟೆ ದೋಣಿ ಹೊರಡುವ ಗಂಟೆಯಲ್ಲ, ತಪಾಸಣೆಯ ಸಾಲಿಗೆ ಸೇರುವ ಗಂಟೆ. ತಪಾಸಣೆ ವಿಮಾನ ನಿಲ್ದಾಣದ ಥರವೇ. ಹಣ್ಣು ಕತ್ತರಿಸಲು ಅಮ್ಮ ಬ್ಯಾಗಿನಲ್ಲಿಟ್ಟುಕೊಂಡ ಚಾಕು, ಅಪ್ಪನ ಎಲೆಅಡಿಕೆ ಸಂಚಿಯ ಅಡಕತ್ತರಿ, ಇವೆರಡೂ ಎಕ್ಸ್‌ರೇ ಪರದೆಯಲ್ಲಿ ಆಯುಧವೇ. ‘ಇದು ಅಡಿಕೆ ಹೋಳು ಮಾಡೋದಮ್ಮಾ’ ಎಂದು ವಿವರಿಸುವ ಹೊತ್ತಿಗೆ ಹಿಂದಿನ ಸಾಲು ಗೊಣಗುತ್ತಿರುತ್ತದೆ. ಹೊರಡುವ ಮುಂಚೆ ಸಂಚಿಯನ್ನು ಮನೆಯಲ್ಲೇ ಬಿಚ್ಚಿ ನೋಡಿ. ಪುಡಿ ಅಡಿಕೆಗೆ ತೊಂದರೆಯಿಲ್ಲ.

ಟಿಕೆಟ್ ಮೂರು ಥರ: ನೆಲದ ಮಟ್ಟದ್ದು, ಪೀಠದ್ದು, ಕಿರೀಟದ್ದು. ಪೀಠದವರೆಗೆ ಲಿಫ್ಟ್ ಇದೆ. ಅಲ್ಲಿಂದ ಕಿರೀಟಕ್ಕೆ 162 ಮೆಟ್ಟಿಲು. ಇಕ್ಕಟ್ಟಾದ ಸುರುಳಿ ಏಣಿ, ಲಿಫ್ಟ್ ಇಲ್ಲ. ಮಕ್ಕಳು ಕನಿಷ್ಠ 42 ಅಂಗುಲ ಎತ್ತರ ಇರಬೇಕು. ಬೇಸಿಗೆಯ ದಿನಗಳಿಗೆ ಈ ಟಿಕೆಟ್ ಬಹಳ ಮುಂಚೆಯೇ ಮುಗಿಯುತ್ತದೆ. ಸಿಗದಿದ್ದರೆ ಕೊರಗಬೇಡಿ: ಕಿರೀಟದ ಪುಟ್ಟ ಕಿಟಕಿಗಳಿಂದ ಬಂದರು ಕಾಣುತ್ತದೆ, ಪ್ರತಿಮೆ ಕಾಣುವುದಿಲ್ಲ. ಮಂಡಿ ನೋವಿದ್ದವರಿಗೆ ಪೀಠವೇ ಸಾಕು. ಎಲ್ಲಿಸ್ ದ್ವೀಪವನ್ನೂ ನೋಡುವುದಾದರೆ ಬೆಳಗಿನ ಮೊದಲ ದೋಣಿಗಳನ್ನೇ ಹಿಡಿಯಿರಿ. 1892ರಿಂದ 1954ರವರೆಗೆ ವಲಸಿಗರ ದಾಖಲಾತಿ ನಡೆದ ಜಾಗ ಅದು. ವೀಸಾ ಸಾಲಿನಲ್ಲಿ ನಿಂತವರಿಗೆ ಪ್ರತಿಮೆಗಿಂತ ಹೆಚ್ಚು ಹಿಡಿಸುವ ಸಾಧ್ಯತೆ ಇದೆ.

ನ್ಯೂಜೆರ್ಸಿಯಲ್ಲಿರುವವರು ಮ್ಯಾನ್‌ಹಟನ್ನಿಗೆ ಬರದೆಯೇ ಜೆರ್ಸಿ ಸಿಟಿಯ ಲಿಬರ್ಟಿ ಸ್ಟೇಟ್ ಪಾರ್ಕಿನಿಂದ ಅದೇ ಕಂಪನಿಯ ದೋಣಿ ಹತ್ತಬಹುದು. ಕಾರು ನಿಲ್ಲಿಸಲು ಜಾಗವಿದೆ, ಸಾಲೂ ಸಾಮಾನ್ಯವಾಗಿ ಚಿಕ್ಕದು. ಬುಕ್ ಮಾಡುವಾಗ ಹೊರಡುವ ಜಾಗ ಯಾವುದು ಎಂದು ಸರಿಯಾಗಿ ಆರಿಸಿ. ಇಷ್ಟೆಲ್ಲ ಬೇಡ, ದೂರದಿಂದ ಕಂಡರೆ ಸಾಕು ಎನ್ನುವವರಿಗೆ ಮ್ಯಾನ್‌ಹಟನ್ನಿನ ತುದಿಯ ವೈಟ್‌ಹಾಲ್ ಟರ್ಮಿನಲ್ಲಿನಿಂದ ಸ್ಟೇಟನ್ ಐಲೆಂಡ್ ಫೆರಿ ಇದೆ: ಕಿತ್ತಳೆ ಬಣ್ಣದ ದೊಡ್ಡ ಹಡಗು, ಸುಮಾರು 25 ನಿಮಿಷ, ಪೂರ್ತಿ ಉಚಿತ. ಹೋಗುವಾಗ ಬಲಗಡೆ ನಿಲ್ಲಿ. ಆ ದಡದಲ್ಲಿ ಎಲ್ಲರೂ ಇಳಿದು ಮತ್ತೆ ಹತ್ತಲೇಬೇಕು. ಇದಕ್ಕೂ ಟಿಕೆಟ್ ಮಾರಲು ಬರುವವರಿದ್ದಾರೆ, ಎಚ್ಚರ.

ಓಡಾಟಕ್ಕೆ ಸಬ್‌ವೇ. ಹಳೆಯ ಹಳದಿ ಮೆಟ್ರೋಕಾರ್ಡ್ ಮಾರಾಟ 2025ರ ಕೊನೆಗೆ ನಿಂತಿತು. ಈಗ ಟ್ಯಾಪ್ ಮಾಡುವ ಆಮ್ನಿ ವ್ಯವಸ್ಥೆ. 2026ರ ಜನವರಿಯಿಂದ ಒಂದು ಪಯಣಕ್ಕೆ 3 ಡಾಲರ್. ಏಳು ದಿನದಲ್ಲಿ ಒಂದೇ ಕಾರ್ಡಿನಿಂದ 12 ಪಯಣಕ್ಕೆ ದುಡ್ಡು ಕಟ್ಟಿದ ಮೇಲೆ ಉಳಿದವು ಉಚಿತ. ಇಲ್ಲಿ ಎರಡು ಕಡೆ ಎಡವುತ್ತಾರೆ. ಬೆಳಗ್ಗೆ ಪ್ಲಾಸ್ಟಿಕ್ ಕಾರ್ಡ್, ಸಂಜೆ ಅದೇ ಕಾರ್ಡನ್ನು ಫೋನಿನಿಂದ ಟ್ಯಾಪ್ ಮಾಡಿದರೆ ಲೆಕ್ಕ ಎರಡಾಗಿ ಒಡೆಯುತ್ತದೆ. ಮಗನೇ ತನ್ನ ಕಾರ್ಡಿನಿಂದ ನಾಲ್ವರನ್ನೂ ಒಳಗೆ ಬಿಟ್ಟರೆ ಉಚಿತದ ಲೆಕ್ಕ ಒಬ್ಬರಿಗೆ ಮಾತ್ರ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಕೊಡಿ. 44 ಅಂಗುಲದೊಳಗಿನ ಮಕ್ಕಳು ದೊಡ್ಡವರ ಜೊತೆ ಉಚಿತ. ಊರಿನ ಬ್ಯಾಂಕ್ ಕಾರ್ಡ್ ಬಳಸುವುದಾದರೆ ಹೊರಡುವ ಮುಂಚೆಯೇ ಆ್ಯಪ್‌ನಲ್ಲಿ ವಿದೇಶಿ ಬಳಕೆ, ಟ್ಯಾಪ್ ಪಾವತಿ ಎರಡನ್ನೂ ಆನ್ ಮಾಡಿಸಿ. 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಇವೆರಡೂ ಮುಚ್ಚಿಯೇ ಬರುತ್ತವೆ.

ಹಲವು ನಿಲ್ದಾಣಗಳಲ್ಲಿ ಅಪ್‌ಟೌನಿಗೆ (ಉತ್ತರದ ಕಡೆಗೆ) ರಸ್ತೆಯ ಒಂದು ಬದಿಯ ಮೆಟ್ಟಿಲು, ಡೌನ್‌ಟೌನಿಗೆ (ದಕ್ಷಿಣದ ಕಡೆಗೆ) ಇನ್ನೊಂದು. ತಪ್ಪು ಕಡೆ ಇಳಿದು ಟ್ಯಾಪ್ ಮಾಡಿದರೆ ಒಳಗಿಂದ ದಾಟಲು ದಾರಿಯಿಲ್ಲ. ಹೊರಬಂದು ಮತ್ತೆ ದುಡ್ಡು. ಮೆಟ್ಟಿಲಿಳಿಯುವ ಮುಂಚೆ ತಲೆಯೆತ್ತಿ ಬೋರ್ಡ್ ಓದಿ. ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇಲ್ಲ, ಇದ್ದದ್ದೂ ಕೆಲವೊಮ್ಮೆ ಕೆಟ್ಟಿರುತ್ತದೆ. ಹಾಗಾಗಿ ಹಿರಿಯರ ಜೊತೆ ಬಸ್ಸೇ ವಾಸಿ: ಬಾಗಿಲು ನೆಲದ ಕಡೆ ಬಾಗುತ್ತದೆ, ಸಬ್‌ವೇಯಿಂದ ಎರಡು ಗಂಟೆಯೊಳಗೆ ಬದಲಾಯಿಸಿದರೆ ಹೆಚ್ಚು ಕೊಡಬೇಕಿಲ್ಲ. ಕಾರು ತರುವ ಯೋಚನೆ ಬಿಡಿ. 2025ರ ಜನವರಿಯಿಂದ 60ನೇ ಬೀದಿಯ ಕೆಳಗಿನ ಮ್ಯಾನ್‌ಹಟನ್ನಿಗೆ ನುಗ್ಗಿದರೆ ಹಗಲು ಹೊತ್ತು ಈಜಿಪಾಸ್ (ಕಾರಿನಲ್ಲಿಡುವ ಟೋಲ್ ಟ್ಯಾಗ್) ಇದ್ದವರಿಗೇ 9 ಡಾಲರ್, ಪಾರ್ಕಿಂಗ್ ಬೇರೆ.

ಮ್ಯೂಸಿಯಂಗಳಲ್ಲಿ ‘ಇಷ್ಟ ಬಂದಷ್ಟು ಕೊಡಿ’ ಎಂಬ ಮಾತು ಕೇಳಿರುತ್ತೀರಿ. ಅದು ವಿಳಾಸದ ಮೇಲೆ ನಿಂತ ಮಾತು. ಮೆಟ್ ಎಂಬ ದೊಡ್ಡ ಕಲಾ ಮ್ಯೂಸಿಯಂನಲ್ಲಿ ಅದು ನ್ಯೂಯಾರ್ಕ್ ರಾಜ್ಯದ ನಿವಾಸಿಗಳಿಗೆ. ನ್ಯೂಜೆರ್ಸಿ, ಕನೆಕ್ಟಿಕಟ್‌ನವರಿಗೆ ವಿದ್ಯಾರ್ಥಿಗಳಾಗಿದ್ದರೆ ಮಾತ್ರ. ಡೈನೋಸಾರ್ ಇರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಮೂರೂ ರಾಜ್ಯಗಳ ನಿವಾಸಿಗಳಿಗೂ ಉಂಟು. ಎರಡೂ ಕಡೆ ವಿಳಾಸದ ಪುರಾವೆ ಕೇಳುತ್ತಾರೆ. ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮ ನಿವಾಸಿಗಳಲ್ಲ. ಮೆಟ್‌ನಲ್ಲಿ ದೊಡ್ಡವರಿಗೆ 30, 65 ದಾಟಿದವರಿಗೆ 22 ಡಾಲರ್, 12ರ ಒಳಗಿನ ಮಕ್ಕಳಿಗೆ ಉಚಿತ. ಬುಧವಾರ ಮೆಟ್‌ಗೆ ರಜೆ.

ಎತ್ತರದಿಂದ ಊರು ನೋಡಲು ಒಂದೇ ಕಟ್ಟಡ ಸಾಕು. ಎಂಪೈರ್ ಸ್ಟೇಟ್ ಕಟ್ಟಡದ 86ನೇ ಮಹಡಿ ಬಯಲು ಗಾಳಿಯದ್ದು. 102ನೆಯದಕ್ಕೆ ಹೆಚ್ಚು ದುಡ್ಡು, ಅಷ್ಟು ಹೆಚ್ಚಿನ ನೋಟ ಇಲ್ಲ. ಈ ಕಟ್ಟಡ ಹತ್ತಿದರೆ ಎಂಪೈರ್ ಸ್ಟೇಟೇ ಫೋಟೋದಲ್ಲಿ ಇರುವುದಿಲ್ಲ ಎನ್ನುವುದು ನೆನಪಿರಲಿ. ಅದೂ ಸೆಂಟ್ರಲ್ ಪಾರ್ಕೂ ಎರಡೂ ಬೇಕೆಂದರೆ ರಾಕಫೆಲರ್ ಸೆಂಟರಿನ ಟಾಪ್ ಆಫ್ ದಿ ರಾಕ್. ಒನ್ ವ್ಯಾಂಡರ್‌ಬಿಲ್ಟ್ ಕಟ್ಟಡದ ಮೇಲಿನ ಸಮಿಟ್ ಎಂಬಲ್ಲಿ ನೆಲವೂ ಕನ್ನಡಿಯೇ; ಸೀರೆ, ಲಂಗ ಉಟ್ಟವರಿಗೆ ಮುಜುಗರ, ಚೂಡಿದಾರ್ ಹಾಕಿಸಿ. ಸೂರ್ಯಾಸ್ತದ ಹೊತ್ತಿಗೆ ದರ ಹೆಚ್ಚು. ಮೋಡ ಕವಿದು ಏನೂ ಕಾಣದಿದ್ದರೂ ಸಾಮಾನ್ಯವಾಗಿ ದುಡ್ಡು ವಾಪಸ್ ಬಾರದು, ಆದ್ದರಿಂದ ಹವಾಮಾನ ನೋಡಿಯೇ ಕೊಳ್ಳಿ.

9/11 ಸ್ಮಾರಕದ ಎರಡು ಕೊಳಗಳಿಗೆ ಟಿಕೆಟ್ ಬೇಡ, ಕೆಳಗಿನ ಮ್ಯೂಸಿಯಂಗೆ ಬೇಕು. ಕೊಳದ ಅಂಚಿನ ಕಂಚಿನಲ್ಲಿ ಕೊರೆದ ಹೆಸರೊಂದರಲ್ಲಿ ಬಿಳಿ ಗುಲಾಬಿ ಸಿಕ್ಕಿಸಿದ್ದರೆ ಅವತ್ತು ಆ ವ್ಯಕ್ತಿಯ ಹುಟ್ಟುಹಬ್ಬ. ಹೆಸರುಗಳ ಮೇಲೆ ಬ್ಯಾಗ್, ಕಾಫಿ ಲೋಟ ಇಡಬೇಡಿ.

ಟೈಮ್ಸ್ ಸ್ಕ್ವೇರಿಗೆ ಕತ್ತಲಾದ ಮೇಲೆ ಹೋಗಿ, ಅರ್ಧ ಗಂಟೆ ಸಾಕು. ಗೊಂಬೆವೇಷದವರು ಮಗುವಿನ ಹೆಗಲ ಮೇಲೆ ಕೈಯಿಟ್ಟು ಫೋಟೋಗೆ ನಿಂತರೆ ಅದಕ್ಕೆ ದುಡ್ಡಿದೆ, ಒಬ್ಬೊಬ್ಬರೂ ಕೇಳುತ್ತಾರೆ. ಸೈಕಲ್ ರಿಕ್ಷಾದ ದರ ನಿಮಿಷದ ಲೆಕ್ಕ. ಬೋರ್ಡ್ ಓದದೆ ಹತ್ತಿದರೆ ಹತ್ತು ಬೀದಿಗೆ ಬರುವ ಬಿಲ್ಲು ಕಂಡು ಅಪ್ಪನ ಬಿ.ಪಿ. ಏರುವುದು ಖಂಡಿತ. ಹೋಟೆಲಿನ ಪಟ್ಟಿಯಲ್ಲಿರುವ ಬೆಲೆಯ ಮೇಲೆ ಶೇ. 8.875 ತೆರಿಗೆ, ಬಡಿಸಿದವರಿಗೆ ಶೇ. 18ರಿಂದ 20 ಟಿಪ್ಸ್.

ಶೌಚಾಲಯದ್ದೇ ದೊಡ್ಡ ಪಾಡು. ಸಬ್‌ವೇ ನಿಲ್ದಾಣಗಳಲ್ಲಿ ಇರುವುದು ಅಪರೂಪ, ಕಾಫಿ ಅಂಗಡಿಗಳಲ್ಲಿ ಬೀಗ. ಮ್ಯೂಸಿಯಂ ಬಿಡುವ ಮುಂಚೆ, ದೋಣಿ ಹತ್ತುವ ಮುಂಚೆ ಬೇಕೋ ಬೇಡವೋ ಒಮ್ಮೆ ಹೋಗಿಬರುವಂತೆ ಹೇಳಿ. ನಗರದ ನಡುಮಧ್ಯದಲ್ಲಿದ್ದರೆ 42ನೇ ಬೀದಿಯ ಬ್ರಯಂಟ್ ಪಾರ್ಕಿನದು ಉಚಿತ, ಚೊಕ್ಕಟ. ಒಳಗೆ ತಾಜಾ ಹೂವು ಇಟ್ಟಿರುತ್ತಾರೆ. ಸಾಲು ಇರುತ್ತದೆ, ಬೇಗ ಸರಿಯುತ್ತದೆ.