ಉಪಗ್ರಹದ ದತ್ತಾಂಶದಿಂದ ಕಡಲ ಗಾಳಿಯ ವೇಗವನ್ನು ತಿಳಿಯುವ ಕ್ರಮ

ಬೆಂಗಳೂರಿನಲ್ಲಿ ಕುಳಿತು ಅರಬ್ಬಿ ಸಮುದ್ರದ ಗಾಳಿಯನ್ನು ಅಧ್ಯಯನ ಮಾಡಹೊರಟ ವಿದ್ಯಾರ್ಥಿಯು ಮೊದಲು ಗಮನಿಸಬೇಕಾದದ್ದು, ಉಪಗ್ರಹಕ್ಕೆ ಗಾಳಿ ಕಾಣುವುದಿಲ್ಲ, ಗಾಳಿಯು ನೀರಿನ ಮೇಲೆ ಎಬ್ಬಿಸಿದ ಕಿರಿಯಲೆಗಳಷ್ಟೇ ಕಾಣುತ್ತವೆ ಎಂಬುದನ್ನು. 2022ರ ನವೆಂಬರ್ 26ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡ ಓಷನ್‌ಸ್ಯಾಟ್-3 ಉಪಗ್ರಹದಲ್ಲಿರುವ, ಚದುರಿ ಮರಳುವ ಸಂಕೇತವನ್ನು ಅಳೆಯುವ ಸ್ಕ್ಯಾಟರೋಮೀಟರ್ ಎಂಬ ಉಪಕರಣವು ಸುಮಾರು 13.5 ಗಿಗಾಹರ್ಟ್ಸ್ ಆವರ್ತನದ, ಅಂದರೆ ಸುಮಾರು 2.2 ಸೆಂಟಿಮೀಟರ್ ತರಂಗಾಂತರದ ಮೈಕ್ರೋವೇವ್ ತರಂಗಗಳನ್ನು ಓರೆಯಾಗಿ ಕಡಲಿನತ್ತ ಕಳುಹಿಸುತ್ತದೆ. ಗಾಳಿ ಹೆಚ್ಚಿದಂತೆ ಮೇಲ್ಮೈ ಒರಟಾಗಿ, ಹಿಂದಿರುಗುವ ಸಂಕೇತವೂ ಬಲಗೊಳ್ಳುತ್ತದೆ. ಒಂದೇ ಜಾಗವನ್ನು ಬೇರೆಬೇರೆ ಕೋನಗಳಿಂದ ನೋಡುವುದರಿಂದ ದಿಕ್ಕೂ ದೊರೆಯುತ್ತದೆ, ಆದರೆ ಒಂದಕ್ಕಿಂತ ಹೆಚ್ಚು ದಿಕ್ಕುಗಳು ಸರಿಹೊಂದುವುದುಂಟು. ಅವುಗಳಲ್ಲಿ ಒಂದನ್ನು ಆರಿಸಿಕೊಟ್ಟಿರುವುದು ಸಂಸ್ಕರಣಾ ತಂತ್ರಾಂಶವೇ.

ದತ್ತಾಂಶವನ್ನು ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ ನಡೆಸುವ ಮೊಸ್ಡಾಕ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಪಡೆಯಬಹುದು. ಕಡತವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತೆರೆದ ಕೂಡಲೇ ನಕ್ಷೆ ಬಿಡಿಸುವ ಆತುರ ಬೇಡ. ಅಂಕಿಗಳ ಗುಣಮಟ್ಟವನ್ನು ಸೂಚಿಸುವ ಗುರುತುಗಳಾದ ಫ್ಲ್ಯಾಗ್‌ಗಳನ್ನು ಮೊದಲು ಓದಿ, ಮಳೆ ಮತ್ತು ಭೂಭಾಗದ ಗುರುತಿರುವ ಚೌಕಗಳನ್ನು (ದತ್ತಾಂಶದಲ್ಲಿ ಕಡಲನ್ನು ಹಂಚಿರುವ ತುಂಡುಗಳನ್ನು) ಬದಿಗಿಡಬೇಕು. ಮುಂಗಾರಿನಲ್ಲಿ ಇದು ಅತ್ಯಗತ್ಯ, ಏಕೆಂದರೆ ಈ ಆವರ್ತನದಲ್ಲಿ ಮಳೆಹನಿಗಳು ತಾವೇ ಸಂಕೇತವನ್ನು ಚದುರಿಸುವುದಲ್ಲದೆ ನೀರಿನ ಮೇಲ್ಮೈಯನ್ನೂ ಕದಡುತ್ತವೆ. ಮಂದಗಾಳಿ ಬಿರುಗಾಳಿಯಂತೆ ತೋರಬಹುದು. ಯುರೋಪಿನ ಮೆಟಾಪ್ ಉಪಗ್ರಹಗಳಲ್ಲಿರುವ ಆಸ್ಕ್ಯಾಟ್ ಎಂಬ ಸ್ಕ್ಯಾಟರೋಮೀಟರ್ 5.255 ಗಿಗಾಹರ್ಟ್ಸ್ ಬಳಸುವುದರಿಂದ ಅದರ ಅಳತೆ ಮಳೆಯಿಂದ ಇಷ್ಟು ಕೆಡುವುದಿಲ್ಲ. ಮಳೆಗಾಲದ ಪ್ರಶ್ನೆಗಳಿಗೆ ನಾನಂತೂ ಎರಡನ್ನೂ ಹೋಲಿಸಿ ನೋಡದೆ ತೀರ್ಮಾನಕ್ಕೆ ಬಾರದಿರಿ ಎನ್ನುತ್ತೇನೆ. ಕಾರವಾರ, ಮಂಗಳೂರುಗಳ ತೀರಕ್ಕೆ ಅಂಟಿಕೊಂಡ ಚೌಕಗಳಲ್ಲಿ ನೆಲದ ಸಂಕೇತ ಬೆರೆತಿರುವುದರಿಂದ ಅಲ್ಲಿನ ಅಂಕಿಗಳನ್ನು ನಂಬಲಾಗದು.

ಮುಂದೆ ಏಕಮಾನಗಳನ್ನು ಪರಿಶೀಲಿಸಬೇಕು. ವೇಗವು ಸೆಕೆಂಡಿಗೆ ಮೀಟರ್‌ಗಳಲ್ಲಿ ಇರುತ್ತದೆ, 3.6ರಿಂದ ಗುಣಿಸಿದರೆ ಗಂಟೆಗೆ ಕಿಲೋಮೀಟರ್ ಸಿಗುತ್ತದೆ. ದಿಕ್ಕಿನ ವಿಷಯದಲ್ಲಿ ಕೆಲವು ಕಡತಗಳು ಗಾಳಿ ಎಲ್ಲಿಂದ ಬೀಸುತ್ತದೆ ಎಂಬುದನ್ನೂ, ಇನ್ನು ಕೆಲವು ಎತ್ತ ಬೀಸುತ್ತದೆ ಎಂಬುದನ್ನೂ ಕೊಡುತ್ತವೆ. ವಿವರಣಾ ಪುಟವನ್ನು ಓದದಿದ್ದರೆ ನೈಋತ್ಯ ಮಾರುತವು ಈಶಾನ್ಯದ್ದಾಗಿಬಿಡುತ್ತದೆ.

ಕೊನೆಯದಾಗಿ, ಗಾಳಿಯನ್ನು ಅಳೆಯುವ ಉಪಕರಣ ಹೊತ್ತು ಕಡಲಲ್ಲಿ ತೇಲುವ ತೇಲುಬುರುಡೆಗಳ ಅಳತೆಯೊಂದಿಗೆ ಹೋಲಿಸಬೇಕು. ಉಪಗ್ರಹದ ಅಂಕಿಯು ನೀರಿನಿಂದ 10 ಮೀಟರ್ ಎತ್ತರದ ಗಾಳಿಗೆ ಹೊಂದಿಸಿದ್ದು, ಮೇಲಾಗಿ ಹಲವು ಕಿಲೋಮೀಟರ್ ಅಗಲದ ಚೌಕದ ಸರಾಸರಿ. ತೇಲುಬುರುಡೆಯದು ಒಂದು ಬಿಂದುವಿನಲ್ಲಿ, ಸಾಮಾನ್ಯವಾಗಿ ಇನ್ನೂ ತಗ್ಗಿನಲ್ಲಿ ಅಳೆದದ್ದು. ಆದ್ದರಿಂದ ತೇಲುಬುರುಡೆಯ ಅಂಕಿಯನ್ನು ಮೊದಲು 10 ಮೀಟರ್ ಎತ್ತರಕ್ಕೆ ಪರಿವರ್ತಿಸಿ, ಉಪಗ್ರಹ ಹಾದುಹೋದ ಹೊತ್ತಿನ ಆಸುಪಾಸಿನ ಅಳತೆಗಳ ಸರಾಸರಿಯನ್ನೇ ಹೋಲಿಕೆಗೆ ತೆಗೆದುಕೊಳ್ಳಬೇಕು. ಇಷ್ಟಾದ ಮೇಲೂ ಸೆಕೆಂಡಿಗೆ ಒಂದೆರಡು ಮೀಟರ್ ವ್ಯತ್ಯಾಸ ಉಳಿದರೆ ಅದು ಸಹಜವೇ.