ಚಾಂಪಿಯನ್ಸ್ ಲೀಗ್: 36 ತಂಡಗಳ ಪಟ್ಟಿಯನ್ನು ಓದುವುದು ಹೇಗೆ?

ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಅತಿದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ 2024ರ ನವೆಂಬರ್ 26ರ ರಾತ್ರಿ ಮ್ಯೂನಿಕ್‌ನಲ್ಲಿ ಬಯರ್ನ್ ಎದುರು 0–1ರಿಂದ ಸೋತು ಹೊರಬಂದಾಗ ಪ್ಯಾರಿಸ್ ಸೇಂಟ್ ಜರ್ಮೈನ್, ಅಂದರೆ ಪಿಎಸ್‌ಜಿ, ಐದು ಪಂದ್ಯಗಳಿಂದ ಗಳಿಸಿದ್ದು ನಾಲ್ಕೇ ಪಾಯಿಂಟ್. ಪಟ್ಟಿ ಆ ವಾರವೇ ಮುಗಿದಿದ್ದರೆ ತಂಡ ಟೂರ್ನಿಯಿಂದ ಹೊರಬೀಳುತ್ತಿತ್ತು. 2025ರ ಮೇ 31ರಂದು ಅದೇ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ಅದೇ ತಂಡ ಇಂಟರ್ ಮಿಲಾನ್ ತಂಡವನ್ನು 5–0ರಿಂದ ಮಣಿಸಿ ಮೊದಲ ಬಾರಿಗೆ ಕಪ್ ಎತ್ತಿತು. ಈ ಟೂರ್ನಿಯ ಯಾವ ಫೈನಲ್‌ನಲ್ಲೂ ಅಷ್ಟು ದೊಡ್ಡ ಅಂತರದ ಗೆಲುವು ಅದುವರೆಗೆ ಬಂದಿರಲಿಲ್ಲ. ಈ ಎರಡು ರಾತ್ರಿಗಳ ನಡುವಿನ ದಾರಿ ತಿಳಿಯಬೇಕಾದರೆ 2024–25ರಲ್ಲಿ ಜಾರಿಗೆ ಬಂದ ಹೊಸ ಸ್ವರೂಪದ ಪಟ್ಟಿಯನ್ನು ಓದಲು ಕಲಿಯಬೇಕು. ಒಂದು ಹಾಳೆ, ಒಂದು ಪೆನ್ಸಿಲ್ ಇದ್ದರೆ ಸಾಕು.

ಹಳೆಯ ಲೆಕ್ಕವನ್ನು ಮೊದಲು ಪಕ್ಕಕ್ಕಿಡಿ. 2003–04ರಿಂದ 2023–24ರವರೆಗೆ 32 ತಂಡಗಳು ನಾಲ್ಕು ನಾಲ್ಕರಂತೆ ಎಂಟು ಗುಂಪುಗಳಲ್ಲಿ ಆಡುತ್ತಿದ್ದವು; ಪ್ರತಿ ಗುಂಪಿನಿಂದ ಎರಡು ತಂಡಗಳು ಮುಂದೆ ಹೋಗುತ್ತಿದ್ದವು, ಮೂರನೆಯದು ಎರಡನೇ ದರ್ಜೆಯ ಟೂರ್ನಿಯಾದ ಯುರೋಪಾ ಲೀಗ್‌ಗೆ ಇಳಿಯುತ್ತಿತ್ತು. ಈಗ ಗುಂಪುಗಳೇ ಇಲ್ಲ. 36 ತಂಡಗಳಿಗೂ ಸೇರಿ ಒಂದೇ ಪಟ್ಟಿ. ಟೂರ್ನಿಯ ಒಟ್ಟು ಪಂದ್ಯಗಳು 125ರಿಂದ 189ಕ್ಕೆ ಏರಿವೆ.

ಮೊದಲ ಹೆಜ್ಜೆ: ನಿಮ್ಮ ತಂಡದ ಎಂಟು ಎದುರಾಳಿಗಳನ್ನು ಬರೆದುಕೊಳ್ಳಿ

ಪಟ್ಟಿ ಒಂದೇ ಆದರೂ ಎಲ್ಲರೂ ಎಲ್ಲರ ವಿರುದ್ಧ ಆಡುವುದಿಲ್ಲ. ಹಿಂದಿನ ವರ್ಷಗಳ ಸಾಧನೆಯ ಆಧಾರದಲ್ಲಿ ತಂಡಗಳನ್ನು ಒಂಬತ್ತೊಂಬತ್ತರಂತೆ ನಾಲ್ಕು ಪಾಟ್‌ಗಳಲ್ಲಿ ಇಡಲಾಗುತ್ತದೆ. ಪ್ರತಿ ತಂಡಕ್ಕೂ ಪ್ರತಿ ಪಾಟ್‌ನಿಂದ ಇಬ್ಬರು ಎದುರಾಳಿಗಳು ಸಿಗುತ್ತಾರೆ. ಒಬ್ಬರನ್ನು ತವರಿನಲ್ಲಿ, ಇನ್ನೊಬ್ಬರನ್ನು ಅವರ ಅಂಗಳದಲ್ಲಿ ಎದುರಿಸಬೇಕು. ಈ ಹಂತದಲ್ಲಿ ಒಂದೇ ದೇಶದ ಎರಡು ಕ್ಲಬ್‌ಗಳು ಮುಖಾಮುಖಿಯಾಗುವಂತಿಲ್ಲ, ಯಾವುದೇ ಒಂದು ದೇಶದಿಂದ ಎರಡಕ್ಕಿಂತ ಹೆಚ್ಚು ಎದುರಾಳಿಗಳೂ ಬರುವಂತಿಲ್ಲ. ಇಷ್ಟೆಲ್ಲ ಷರತ್ತುಗಳನ್ನು ಕೈಯಿಂದ ಚೀಟಿ ಎತ್ತಿ ಪೂರೈಸುವುದು ಸಾಧ್ಯವಿಲ್ಲವಾದ್ದರಿಂದ 2024ರ ಆಗಸ್ಟ್ 29ರಂದು ಮೊನಾಕೊದಲ್ಲಿ ನಡೆದ ಸಮಾರಂಭದಲ್ಲಿ ತಂಡದ ಹೆಸರಿನ ಚೆಂಡನ್ನು ಮಾತ್ರ ಕೈಯಿಂದ ಎತ್ತಿದರು. ಎದುರಾಳಿಗಳನ್ನು ಕಂಪ್ಯೂಟರ್ ಆರಿಸಿತು.

ಪಿಎಸ್‌ಜಿ ತವರಿನಲ್ಲಿ ಮ್ಯಾಂಚೆಸ್ಟರ್ ಸಿಟಿ, ಅಟ್ಲೆಟಿಕೊ ಮ್ಯಾಡ್ರಿಡ್, ಪಿಎಸ್‌ವಿ ಐಂಡ್‌ಹೋವನ್ ಮತ್ತು ಜಿರೋನಾ ತಂಡಗಳನ್ನು ಎದುರಿಸಬೇಕಿತ್ತು. ಹೊರಗೆ ಬಯರ್ನ್, ಆರ್ಸೆನಲ್, ಸಾಲ್ಜ್‌ಬರ್ಗ್ ಮತ್ತು ಸ್ಟುಟ್‌ಗಾರ್ಟ್. ಮೊದಲ ಪಾಟ್‌ನಲ್ಲಿದ್ದ ತಂಡಕ್ಕೂ ಇಂಥ ಕಠಿಣ ಸರಣಿ ಬರಬಹುದು ಎಂಬುದನ್ನು ಮರೆತು ಬರೀ ಪಾಯಿಂಟ್ ನೋಡಿದರೆ ಮೋಸಹೋಗುತ್ತೇವೆ. ಆದ್ದರಿಂದ ಎಂಟು ಹೆಸರುಗಳ ಮುಂದೆ ದಿನಾಂಕವನ್ನೂ ಬರೆದಿಡಿ. ಕಷ್ಟದ ಪಂದ್ಯಗಳು ಮೊದಲೇ ಮುಗಿದಿವೆಯೋ, ಮುಂದೆ ಕಾದಿವೆಯೋ ಎಂಬುದು ಆಗ ಕಾಣುತ್ತದೆ.

ಎರಡನೇ ಹೆಜ್ಜೆ: ಎರಡು ಗೆರೆ ಎಳೆಯಿರಿ

ಹಾಳೆಯ ಮೇಲೆ 1ರಿಂದ 36ರವರೆಗೆ ಸಂಖ್ಯೆ ಹಾಕಿ, 8ರ ಕೆಳಗೊಂದು ಮತ್ತು 24ರ ಕೆಳಗೊಂದು ದಪ್ಪ ಗೆರೆ ಎಳೆಯಿರಿ. ಮೊದಲ ಗೆರೆಯ ಮೇಲಿನ ಎಂಟು ತಂಡಗಳು ನೇರವಾಗಿ 16ರ ಘಟ್ಟಕ್ಕೆ ಹೋಗುತ್ತವೆ. 9ರಿಂದ 24ರವರೆಗಿನ 16 ತಂಡಗಳು ತವರಿನಲ್ಲೊಂದು, ಹೊರಗೊಂದು ಪ್ಲೇಆಫ್ ಪಂದ್ಯ ಆಡಿ ಉಳಿದ ಎಂಟು ಸ್ಥಾನಗಳಿಗೆ ಹೋರಾಡುತ್ತವೆ. 25ರಿಂದ ಕೆಳಗಿನ 12 ತಂಡಗಳ ಯುರೋಪ್ ಪಯಣ ಅಲ್ಲಿಗೇ ಮುಗಿಯುತ್ತದೆ. ಯುರೋಪಾ ಲೀಗ್‌ಗೆ ಇಳಿಯುವ ಅವಕಾಶ ಈಗಿಲ್ಲ. ಈ ಕೊನೆಯ ಬದಲಾವಣೆ ನನ್ನ ದೃಷ್ಟಿಯಲ್ಲಿ ಅತ್ಯಂತ ನ್ಯಾಯವಾದದ್ದು. ಒಂದು ಟೂರ್ನಿಯಲ್ಲಿ ಸೋತವರು ಇನ್ನೊಂದರ ನಡುವಿನಲ್ಲಿ ಬಂದು ಸೇರಿಕೊಳ್ಳುವುದು, ಅಲ್ಲಿ ಮೊದಲಿನಿಂದ ಆಡುತ್ತ ಬಂದವರಿಗೆ ಆಗುತ್ತಿದ್ದ ಅನ್ಯಾಯವೇ ಸರಿ.

ಪಟ್ಟಿಯ ತುದಿಯಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಈ ಎರಡು ಗೆರೆಗಳ ಅಕ್ಕಪಕ್ಕ ಯಾರಿದ್ದಾರೆ ಎಂಬುದನ್ನು ನೋಡುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಆ ಋತುವಿನಲ್ಲಿ ಲಿವರ್‌ಪೂಲ್ 21 ಪಾಯಿಂಟ್‌ಗಳೊಂದಿಗೆ ಅಗ್ರಸ್ಥಾನ ಪಡೆಯಿತು. ಎಂಟನೇ ಸ್ಥಾನದ ಆಸ್ಟನ್ ವಿಲ್ಲಾ ಗಳಿಸಿದ್ದು 16. ಅಟಲಾಂಟಾ, ಡಾರ್ಟ್ಮಂಡ್, ರಿಯಲ್ ಮ್ಯಾಡ್ರಿಡ್, ಬಯರ್ನ್, ಎಸಿ ಮಿಲಾನ್ ಈ ಐದೂ ತಂಡಗಳು 15 ಪಾಯಿಂಟ್‌ಗೆ ನಿಂತು ಪ್ಲೇಆಫ್ ಆಡಬೇಕಾಯಿತು. ಹಿಂದೆ ಎಲ್ಲೋ ಕೈತಪ್ಪಿದ ಒಂದು ಡ್ರಾ ಈ ದೊಡ್ಡ ಕ್ಲಬ್‌ಗಳ ಮೇಲೆ ಎರಡು ಹೆಚ್ಚುವರಿ ಪಂದ್ಯಗಳ ಭಾರ ಹೊರಿಸಿತು.

ಮೂರನೇ ಹೆಜ್ಜೆ: ಗೋಲು ಅಂತರದ ಅಂಕಣವನ್ನು ಮೊದಲ ವಾರದಿಂದಲೇ ನೋಡಿ

ಪಾಯಿಂಟ್ ಸಮವಾದರೆ ಮೊದಲು ಗೋಲು ಅಂತರ (ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದ ಸಂಖ್ಯೆ), ಆಮೇಲೆ ಹೊಡೆದ ಗೋಲುಗಳು, ಆಮೇಲೆ ಹೊರಗಿನ ಅಂಗಳದಲ್ಲಿ ಹೊಡೆದ ಗೋಲುಗಳು, ನಂತರ ಗೆಲುವುಗಳ ಸಂಖ್ಯೆ. ಹೀಗೆ ಸಾಗುತ್ತದೆ ಕ್ರಮ. ಸಮನಾದ ತಂಡಗಳು ಪರಸ್ಪರ ಆಡಿರುವ ಖಾತರಿ ಇಲ್ಲದ್ದರಿಂದ ಮುಖಾಮುಖಿ ಫಲಿತಾಂಶಕ್ಕೆ ಇಲ್ಲಿ ಸ್ಥಾನವಿಲ್ಲ. ಐಪಿಎಲ್‌ನ ನೆಟ್ ರನ್ ರೇಟ್ ಬಲ್ಲವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. 2024ರ ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಚೆನ್ನೈ ತಂಡವನ್ನು ಬರೀ ಸೋಲಿಸಿದರೆ ಸಾಲದೆ, ಅಂತರವನ್ನೂ ಕಾಯ್ದುಕೊಂಡು ಸೋಲಿಸಬೇಕಾಗಿದ್ದ ರಾತ್ರಿಯನ್ನು ನೆನೆಸಿಕೊಳ್ಳಿ.

ಡಿನಾಮೊ ಜಾಗ್ರೆಬ್‌ನ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಕ್ರೊಯೇಷಿಯಾದ ಈ ತಂಡ 2024ರ ಸೆಪ್ಟೆಂಬರ್ 17ರಂದು, ತನ್ನ ಮೊದಲ ಪಂದ್ಯದಲ್ಲೇ, ಬಯರ್ನ್ ಎದುರು 2–9ರಿಂದ ಸೋತಿತು. ಹ್ಯಾರಿ ಕೇನ್ ಒಬ್ಬರೇ ನಾಲ್ಕು ಗೋಲು ಹೊಡೆದರು. ನಂತರ ಡಿನಾಮೊ ಚೇತರಿಸಿಕೊಂಡು ಸಾಲ್ಜ್‌ಬರ್ಗ್ ಮತ್ತು ಸ್ಲೋವಾನ್ ತಂಡಗಳನ್ನು ಸೋಲಿಸಿ, ಕೊನೆಯ ದಿನ ಎಸಿ ಮಿಲಾನ್ ತಂಡವನ್ನೂ 2–1ರಿಂದ ಮಣಿಸಿ 11 ಪಾಯಿಂಟ್ ಮುಟ್ಟಿತು. ಬೆಲ್ಜಿಯಂನ ಕ್ಲಬ್ ಬ್ರೂಜ್ ಬಳಿಯೂ 11. ಬ್ರೂಜ್‌ನ ಗೋಲು ಅಂತರ ಮೈನಸ್ 4, ಡಿನಾಮೊದ್ದು ಮೈನಸ್ 7. ಬ್ರೂಜ್‌ಗೆ 24ನೇ ಸ್ಥಾನ, ಡಿನಾಮೊಗೆ 25.

ಈಗ ಪೆನ್ಸಿಲ್‌ನಿಂದ ಲೆಕ್ಕ ಹಾಕಿ. ಮ್ಯೂನಿಕ್‌ನ ಆ ರಾತ್ರಿ ಕೊನೆಯ ಮೂರು ಗೋಲುಗಳನ್ನು ಡಿನಾಮೊ ತಡೆದು 2–6ರಿಂದ ಸೋತಿದ್ದರೂ ಎರಡೂ ತಂಡಗಳ ಅಂತರ ಮೈನಸ್ 4 ಆಗುತ್ತಿತ್ತು. ಆಗ ಹೊಡೆದ ಗೋಲುಗಳನ್ನು ನೋಡಬೇಕು: ಡಿನಾಮೊ 12, ಬ್ರೂಜ್ 7. ಮುಂದೆ ಹೋಗುತ್ತಿದ್ದುದು ಡಿನಾಮೊ. ಸೆಪ್ಟೆಂಬರ್‌ನಲ್ಲಿ ಪಂದ್ಯ ಕೈಬಿಟ್ಟುಹೋದ ಮೇಲೆ ಬಿದ್ದ ಗೋಲುಗಳು ಜನವರಿಯ ಭವಿಷ್ಯವನ್ನು ಬರೆದಿದ್ದವು. ಸೋಲುವ ತಂಡ ಕೊನೆಯ ಹತ್ತು ನಿಮಿಷ ಹೇಗೆ ಕಾದಾಡುತ್ತದೆ ಎಂಬುದನ್ನು ನಾನು ಈಗ ಗಮನವಿಟ್ಟು ನೋಡಲು ಈ ಒಂದು ಉದಾಹರಣೆಯೇ ಕಾರಣ.

ನಾಲ್ಕನೇ ಹೆಜ್ಜೆ: ಸ್ಥಾನಗಳನ್ನು ಜೋಡಿಗಳಾಗಿ ಕಟ್ಟಿ

ಹೊಸಬರು ಎಡವುವುದು ಇಲ್ಲಿಯೇ. 16ರ ಘಟ್ಟದ ದಾರಿ ಪಟ್ಟಿಯ ಸ್ಥಾನದಿಂದಲೇ ಬಹುಪಾಲು ನಿರ್ಧಾರವಾಗಿರುತ್ತದೆ. ಎರಡೆರಡು ಸ್ಥಾನಗಳನ್ನು ಒಂದೊಂದು ಆವರಣದಲ್ಲಿ ಕಟ್ಟಿಕೊಳ್ಳಿ. ಪ್ಲೇಆಫ್‌ನಲ್ಲಿ 9 ಮತ್ತು 10ನೇ ಸ್ಥಾನದವರಿಗೆ 23 ಮತ್ತು 24ನೆಯವರು ಎದುರು. 11–12ಕ್ಕೆ 21–22, 13–14ಕ್ಕೆ 19–20, 15–16ಕ್ಕೆ 17–18. ಆವರಣದೊಳಗಿನ ಇಬ್ಬರಲ್ಲಿ ಯಾರು ಎಂಬುದನ್ನಷ್ಟೇ ಡ್ರಾ, ಅಂದರೆ ಚೀಟಿ ಎತ್ತುವಿಕೆ, ತೀರ್ಮಾನಿಸುತ್ತದೆ. ನಂತರ 15ರಿಂದ 18ರವರೆಗಿನವರಲ್ಲಿ ಗೆದ್ದ ಇಬ್ಬರಿಗೆ ಪಟ್ಟಿಯ 1 ಮತ್ತು 2ನೆಯವರು ಎದುರಾಗುತ್ತಾರೆ, 3–4ನೆಯವರಿಗೆ 13–14 ಹಾಗೂ 19–20ರ ಆವರಣದಿಂದ ಬಂದವರು, ಹೀಗೆಯೇ ಮುಂದಕ್ಕೆ.

ಇದು ಕಾಗದದ ಮೇಲೆ ಅಗ್ರಸ್ಥಾನಕ್ಕೆ ಸಿಕ್ಕ ಬಹುಮಾನ. ಆಟದಲ್ಲಿ ಆದದ್ದೇ ಬೇರೆ. 11ನೇ ಸ್ಥಾನದ ರಿಯಲ್ ಮ್ಯಾಡ್ರಿಡ್‌ಗೆ 22ನೇ ಸ್ಥಾನಕ್ಕೆ ಜಾರಿದ್ದ ಮ್ಯಾಂಚೆಸ್ಟರ್ ಸಿಟಿ ಎದುರಾಗಿ, ಹಿಂದಿನ ಮೂರು ಋತುಗಳ ಕಪ್‌ಗಳನ್ನು ಹಂಚಿಕೊಂಡಿದ್ದ ಎರಡು ತಂಡಗಳಲ್ಲಿ ಒಂದು ಫೆಬ್ರುವರಿಯಲ್ಲೇ ಮನೆಗೆ ಹೋಯಿತು. ಇತ್ತ ಪಿಎಸ್‌ಜಿ ಕೊನೆಯ ಮೂರು ಪಂದ್ಯಗಳನ್ನೂ ಗೆದ್ದು 13 ಪಾಯಿಂಟ್‌ಗಳೊಂದಿಗೆ 15ನೇ ಸ್ಥಾನಕ್ಕೆ ಏರಿತ್ತು; ಜನವರಿ 22ರಂದು ಸಿಟಿ ಎದುರು 0–2ರ ಹಿನ್ನಡೆಯಿಂದ ಎದ್ದು 4–2ರಿಂದ ಗೆದ್ದದ್ದು ಆ ಮೂರರಲ್ಲಿ ಒಂದು. ಪ್ಲೇಆಫ್‌ನಲ್ಲಿ ತನ್ನದೇ ದೇಶದ ಬ್ರೆಸ್ಟ್ ತಂಡವನ್ನು ಎರಡು ಪಂದ್ಯಗಳಿಂದ 10–0ರಿಂದ ಮಣಿಸಿತು. ಆ ಆವರಣದ ಮುಂದಿನ ಮನೆಯಲ್ಲಿ ಕಾದಿದ್ದು ಅಗ್ರಸ್ಥಾನಿ ಲಿವರ್‌ಪೂಲ್. ಪ್ಯಾರಿಸ್‌ನಲ್ಲಿ ಲಿವರ್‌ಪೂಲ್ 1–0ರಿಂದ ಗೆದ್ದಿತು, ಲಿವರ್‌ಪೂಲ್‌ನ ತವರು ಆನ್‌ಫೀಲ್ಡ್‌ನಲ್ಲಿ ಪಿಎಸ್‌ಜಿ ಅದೇ ಅಂತರದಿಂದ ಗೆದ್ದಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಪಿಎಸ್‌ಜಿ ಗೋಲ್‌ಕೀಪರ್ ಡೊನ್ನರುಮಾ ಎರಡು ಪೆನಾಲ್ಟಿ ತಡೆದು ತಂಡವನ್ನು ಗೆಲ್ಲಿಸಿದರು. ಲೀಗ್ ಹಂತದ ಎಂಟರಲ್ಲಿ ಏಳು ಪಂದ್ಯ ಗೆದ್ದ ಲಿವರ್‌ಪೂಲ್‌ಗೆ ಸಿಕ್ಕ ಪ್ರತಿಫಲ ಇದು. ಅಗ್ರಸ್ಥಾನಕ್ಕೆ ಸ್ವರೂಪ ಕೊಟ್ಟ ಬೆಲೆ ಕಡಿಮೆಯಾಯಿತು ಎಂಬ ದೂರಿನಲ್ಲಿ ಹುರುಳಿದೆ ಎಂದೇ ನಾನು ನಂಬಿದ್ದೇನೆ.

ಐದನೇ ಹೆಜ್ಜೆ: ಕೊನೆಯ ರಾತ್ರಿಗೆ ಸಿದ್ಧರಾಗಿ

ಲೀಗ್ ಹಂತದ ಎಂಟನೇ ಸುತ್ತಿನ 18 ಪಂದ್ಯಗಳೂ ಒಂದೇ ಸಮಯಕ್ಕೆ ಆರಂಭವಾಗುತ್ತವೆ. 2025ರ ಜನವರಿ 29ರಂದು ಹೀಗೇ ಆಯಿತು. ನಮ್ಮ ಗಡಿಯಾರದಲ್ಲಿ ಆಗ 30ರ ನಸುಕಿನ 1.30. ಯುರೋಪಿನಲ್ಲಿ ಬೇಸಿಗೆ ಸಮಯ ಜಾರಿಯಲ್ಲಿರುವಾಗ ಇವೇ ತಡರಾತ್ರಿಯ ಪಂದ್ಯಗಳು ನಮಗೆ 12.30ಕ್ಕೆ ಬರುತ್ತವೆ, ಚಳಿಗಾಲದಲ್ಲಿ ಒಂದು ಗಂಟೆ ಮುಂದೆ ಹೋಗುತ್ತವೆ ಎಂಬುದನ್ನು ನೆನಪಿಡಿ. ಹದಿನೆಂಟನ್ನೂ ನೋಡಲು ಹೋದರೆ ಒಂದೂ ದಕ್ಕುವುದಿಲ್ಲ. ಎರಡು ಗೆರೆಗಳ ಬಳಿ ಇರುವ ತಂಡಗಳನ್ನು ಗುರುತಿಸಿ ಒಂದು ಪಂದ್ಯವನ್ನು ಆರಿಸಿಕೊಂಡು, ಪಕ್ಕದಲ್ಲಿ ಕ್ಷಣಕ್ಷಣಕ್ಕೆ ಬದಲಾಗುವ ಪಟ್ಟಿಯನ್ನು ಇಟ್ಟುಕೊಳ್ಳಿ. ಆ ರಾತ್ರಿ ನೋಡಬೇಕಿದ್ದ ಪಂದ್ಯ ಸಿಟಿ ಮತ್ತು ಬ್ರೂಜ್ ನಡುವಿನದು. 24ರ ಗೆರೆಯ ಹೊರಗಿದ್ದ ಸಿಟಿ ಗೆಲ್ಲಲೇಬೇಕಿತ್ತು. ಮೊದಲ ಗೋಲು ಬ್ರೂಜ್ ಹೊಡೆಯಿತು. ಕೊನೆಗೆ ಸಿಟಿ 3–1ರಿಂದ ಗೆದ್ದು ಒಳಬಂತು. ಸೋತ ಬ್ರೂಜ್ ಕೂಡ ಒಳಗೇ ಉಳಿಯಿತು. ಅಗ್ರಸ್ಥಾನ ಬಹುತೇಕ ಭದ್ರವಾಗಿದ್ದ ಲಿವರ್‌ಪೂಲ್ ಮಾತ್ರ ಹಲವು ಪ್ರಮುಖ ಆಟಗಾರರನ್ನು ಊರಲ್ಲೇ ಬಿಟ್ಟು ಹೋಗಿ ಐಂಡ್‌ಹೋವನ್‌ನಲ್ಲಿ 2–3ರಿಂದ ಸೋತಿತು, ಮೊದಲ ಸ್ಥಾನವನ್ನು ಕಳೆದುಕೊಳ್ಳದೆ.

2025–26ರ ಪಟ್ಟಿಯನ್ನು ಓದುವಾಗ ಒಂದು ತಿದ್ದುಪಡಿ ಸೇರಿಸಿಕೊಳ್ಳಬೇಕು. ಹಿಂದಿನ ಋತುವಿನಲ್ಲಿ ಕ್ವಾರ್ಟರ್‌ಫೈನಲ್ ಮತ್ತು ಸೆಮಿಫೈನಲ್‌ನ ಎರಡನೇ ಪಂದ್ಯ ಯಾರ ತವರಿನಲ್ಲಿ ಎಂಬುದು ಡ್ರಾದ ಪಾಲಾಗಿತ್ತು. ಮೂರನೇ ಸ್ಥಾನ ಪಡೆದಿದ್ದ ಆರ್ಸೆನಲ್ ಎರಡು ಸಲವೂ ಹೊರಗೆ, ಮೊದಲು ಮ್ಯಾಡ್ರಿಡ್‌ನಲ್ಲಿ, ಆಮೇಲೆ ಪ್ಯಾರಿಸ್‌ನಲ್ಲಿ, ಎರಡನೇ ಪಂದ್ಯ ಆಡಬೇಕಾಯಿತು. ಈಗ ಮೊದಲ ನಾಲ್ಕು ಸ್ಥಾನದವರಿಗೆ ಕ್ವಾರ್ಟರ್‌ಫೈನಲ್‌ನಲ್ಲಿ, ಮೊದಲ ಎರಡು ಸ್ಥಾನದವರಿಗೆ ಸೆಮಿಫೈನಲ್‌ನಲ್ಲೂ ಎರಡನೇ ಪಂದ್ಯ ತವರಿನಲ್ಲೇ ಸಿಗುತ್ತದೆ. ಅವರನ್ನು ಸೋಲಿಸಿದವರಿಗೆ ಆ ಹಕ್ಕು ಹಸ್ತಾಂತರವಾಗುತ್ತದೆ. ಹಾಗಾಗಿ ನಿಮ್ಮ ಹಾಳೆಯಲ್ಲಿ 2 ಮತ್ತು 4ರ ಕೆಳಗೆ ಇನ್ನೆರಡು ಸಣ್ಣ ಗೆರೆಗಳನ್ನು ಎಳೆದುಕೊಳ್ಳಿ.