ಜಪಾನಿ ಚಾಕು ತಗೋಬೇಕಾ? ಮೊದಲು ಮಣೆ ಅಳೀರಿ

ನನ್ನ ಸಾಂತೊಕು ಅನ್ನೋ ಜಪಾನಿ ಚಾಕು ಮನೆಗೆ ಬಂದು ಹದಿನೈದು ದಿನ ಆಗಿರ್ಲಿಲ್ಲ, ಚಟ್ನಿಪುಡಿಗೆ ಒಣಕೊಬ್ಬರಿ ಬೇಕಿತ್ತು, ತುರಿಯೋಕೆ ಸೋಮಾರಿತನ, ಗಿಟುಕಿಗೆ ಚಾಕು ಒತ್ತಿ ಸ್ವಲ್ಪ ತಿರುಚಿದೆ ನೋಡಿ, ಟಿಕ್ ಅಂತು. ಬೆಳಕಿಗೆ ಹಿಡಿದು ನೋಡಿದ್ರೆ ಬಾಯಲ್ಲಿ ಎಳ್ಳಿನಷ್ಟು ಗಾತ್ರದ ಎರಡು ಚಕ್ಕೆ ಮಾಯ. ಅಮ್ಮ ಅದೇ ಗಿಟುಕನ್ನ ಈಳಿಗೆಮಣೆ ಮೇಲೆ ಕೂತು ಎರಡು ನಿಮಿಷದಲ್ಲಿ ಹೆಚ್ಚಿ ಕೊಟ್ರು, ಒಂದು ಮಾತೂ ಆಡ್ಲಿಲ್ಲ, ಅದೇ ಜಾಸ್ತಿ ಉರೀತು.

ಅದಕ್ಕೇ ಹೇಳ್ತೀನಿ, ಜಪಾನಿ ಚಾಕು ತಗೊಳ್ಳೋರು ಮೊದಲು ಅದರಲ್ಲಿ ಏನೇನು ಹೆಚ್ಚಲ್ಲ ಅಂತ ಪಟ್ಟಿ ಮಾಡ್ಕೊಳ್ಳಿ. ಕೊಬ್ಬರಿ, ತೆಂಗಿನಕಾಯಿ, ಮೂಳೆ, ಫ್ರೀಜರ್‌ನಿಂದ ಈಗ ತಾನೇ ತೆಗೆದ ಮಾಂಸ, ಇವಕ್ಕೆಲ್ಲ ಹಳೇ ಚಾಕು ಇಲ್ಲಾ ಕತ್ತಿ ಇರಲಿ. ಈ ಮಾತಿಗೆ ಒಪ್ಪಿಗೆ ಇಲ್ಲ, ಮನೇಲಿ ಒಂದೇ ಚಾಕು ಇರೋದು ಎಲ್ಲಕ್ಕೂ ಅದೇ ಬೇಕು ಅನ್ನೋದಾದ್ರೆ ಇದನ್ನ ತಗೋಬೇಡಿ, ನಿಜವಾಗ್ಲೂ.

ಯಾಕಂದ್ರೆ ಈ ಚಾಕುಗಳ ಉಕ್ಕು ಗಟ್ಟಿ. ಗಟ್ಟಿತನ ಅಳೆಯೋ ರಾಕ್‌ವೆಲ್ ಅಳತೇಲಿ ಸಾಮಾನ್ಯ ಜರ್ಮನ್ ಅಡುಗೆ ಚಾಕು 56ರ ಆಸುಪಾಸು ಇದ್ರೆ ಜಪಾನಿನವು ಬಹಳಷ್ಟು 60, 61 ಇರ್ತವೆ. ಗಟ್ಟಿ ಇರೋದ್ರಿಂದ ಅಂಚನ್ನ ತುಂಬಾ ತೆಳ್ಳಗೆ ಮಸೀಬಹುದು, ಹರಿತ ಬೇಗ ಹೋಗಲ್ಲ, ಆದ್ರೆ ಗಾಜಿನ ಸ್ವಭಾವ ಸ್ವಲ್ಪ ಬಂದ್ಬಿಡುತ್ತೆ, ಬಗ್ಗೋ ಬದಲು ಚಕ್ಕೆ ಏಳುತ್ತೆ.

ಈಗ ಸ್ಕೇಲ್ ತಗೊಂಡು ಅಡುಗೆಮನೆಗೆ ಹೋಗಿ, ನೀವು ದಿನಾ ತರಕಾರಿ ಹೆಚ್ಚೋ ಮಣೆ ಅಳೀರಿ. 30 ಸೆಂಟಿಮೀಟರ್ ಉದ್ದದ ಮಣೆ, ಪಕ್ಕದಲ್ಲಿ ಮಿಕ್ಸಿ, ಆ ಕಡೆ ಸ್ಟೌ, ಇಷ್ಟು ಜಾಗದಲ್ಲಿ 240 ಮಿ.ಮೀ. ಅಲಗಿನ ಚಾಕು ತಂದ್ರೆ ಪ್ರತಿ ಸಲ ಮೊನೆ ಏನಕ್ಕಾದ್ರೂ ತಾಗುತ್ತೆ. ಮಧ್ಯಮ ಗಾತ್ರ ಅಂದ್ರೆ 165ರಿಂದ 180 ಮಿ.ಮೀ., ನಮ್ಮ ಮನೆಗಳಿಗೆ ಸರಿಯಾಗಿ ಕೂರೋದು ಇದೇ. ಅಡುಗೆಕಟ್ಟೆ ದೊಡ್ಡದಿದ್ದು ಎಲೆಕೋಸು, ಕಲ್ಲಂಗಡಿ ಜಾಸ್ತಿ ಹೆಚ್ಚೋರಾದ್ರೆ 210ರವರೆಗೂ ಹೋಗಿ.

ಆಮೇಲೆ ಆಕಾರ. ಇಲ್ಲಿ ಸ್ವಲ್ಪ ನಿಂತು ನೋಡ್ಬೇಕು, ಯಾಕಂದ್ರೆ ಹೆಸರುಗಳು ತಲೆ ಕೆಡಿಸ್ತವೆ. ಜಪಾನಿನ ಮನೆಗಳಲ್ಲಿ ಹಿಂದಿನಿಂದ ಇದ್ದಿದ್ದು ನಾಕಿರಿ, ಅಂದ್ರೆ ಸೊಪ್ಪು ತರಕಾರಿ ಹೆಚ್ಚೋದು, ಮೊನೆಯೇ ಇಲ್ಲ, ಸಣ್ಣ ಮಚ್ಚಿನ ಥರ ಚೌಕ, ಬಾಯಿ ಹೆಚ್ಚುಕಮ್ಮಿ ನೇರ. ಬೌದ್ಧ ಪದ್ಧತಿಯ ಕಾರಣಕ್ಕೆ ಬಹುಕಾಲ ದನದ ಮಾಂಸ ಅಲ್ಲಿ ಊಟದ ಮುಖ್ಯ ಪದಾರ್ಥ ಆಗಿರ್ಲಿಲ್ಲ, 1872ರಲ್ಲಿ ಮೇಯ್ಜಿ ಚಕ್ರವರ್ತಿಯೇ ತಿಂದ ಸುದ್ದಿ ಹೊರಬಿತ್ತು, ಆ ಕಾಲದಲ್ಲಿ ಪಾಶ್ಚಾತ್ಯ ಚಾಕು ನೋಡ್ಕೊಂಡು ಮಾಡಿದ್ದು ಗ್ಯೂತೊ, ಹೆಸರಲ್ಲೇ ದನ ಇದೆ. ಉದ್ದ, ಚೂಪು ಮೊನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಎರಡೂ ಇಟ್ಕೊಳ್ಳೋದು ಯಾಕೆ ಅಂತ ನಾಕಿರಿಯ ಅಗಲ, ಗ್ಯೂತೊನ ಮೊನೆ ಸೇರಿಸಿ ಒಂದು ಮಾಡಿದ್ರು, ಅದೇ ಸಾಂತೊಕು. ಮೂರು ಗುಣ ಅಂತ ಅರ್ಥ, ಮಾಂಸ ಮೀನು ತರಕಾರಿ ಮೂರಕ್ಕೂ ಆಗುತ್ತೆ ಅಂತ. ಬುಂಕಾ ಅಂತ ಇನ್ನೊಂದು ಸಿಗುತ್ತೆ, ಹೆಚ್ಚುಕಮ್ಮಿ ಸಾಂತೊಕುನೇ, ಮೊನೆ ಮಾತ್ರ ಓರೆಯಾಗಿ ಕತ್ತರಿಸಿದ ಹಾಗೆ.

ನನ್ನ ಅಭಿಪ್ರಾಯ ಕೇಳಿದ್ರೆ, ಬರೀ ಸಸ್ಯಾಹಾರಿ ಮನೆ, ದಿನಾ ಸೊಪ್ಪು ಹುರುಳಿಕಾಯಿ ಅನ್ನೋರಿಗೆ ನಾಕಿರಿಯಷ್ಟು ಖುಷಿ ಬೇರೆ ಯಾವುದೂ ಕೊಡಲ್ಲ. ಬಾಯಿ ನೇರ ಇರೋದ್ರಿಂದ ಉದ್ದಕ್ಕೂ ಮಣೆಗೆ ತಾಗುತ್ತೆ, ಮೆಂತ್ಯಸೊಪ್ಪಿನ ದಂಟು ಕತ್ತರಿಸಿ ಎತ್ತಿದ್ರೆ ಸರಪಳಿ ಥರ ಒಂದಕ್ಕೊಂದು ಅಂಟ್ಕೊಂಡು ಬರಲ್ಲ. ಮಿಕ್ಕವರಿಗೆಲ್ಲ ಸಾಂತೊಕು. ದೇಬಾ, ಉಸುಬಾ, ಯಾನಾಗಿಬಾ ಅಂತ ಚೆಂದದ ಚಾಕು ಕಂಡ್ರೆ ಮುಟ್ಟಿ ನೋಡಿ ವಾಪಸ್ ಇಡಿ, ಅವಕ್ಕೆ ಒಂದೇ ಕಡೆ ಸಾಣೆ, ಅದನ್ನ ಪಳಗಿಸೋದೇ ಒಂದು ವಿದ್ಯೆ, ಅದ್ರಲ್ಲೂ ಎಡಗೈಯವರಿಗೆ ಬಲಗೈ ಚಾಕು ಕೊಟ್ರೆ ಹೋಳು ಓರೆಯಾಗ್ತಾ ಹೋಗುತ್ತೆ.

ಉಕ್ಕಿನ ವಿಷಯದಲ್ಲಿ ಅಂಗಡಿಯವರು ಅರ್ಧ ಗಂಟೆ ಹೇಳ್ತಾರೆ, ಬೇಕಾಗಿರೋದು ಇಷ್ಟೇ. ತುಕ್ಕು ಹಿಡಿಯೋದು, ಹಿಡಿಯದೇ ಇರೋದು ಅಂತ ಎರಡು ಜಾತಿ. ಶಿರೊಗಾಮಿ, ಆವೊಗಾಮಿ ಅನ್ನೋವು ಮೊದಲನೇ ಜಾತಿ, ಬಿಳಿ ಕಾಗದ ನೀಲಿ ಕಾಗದ ಅಂತ ಅರ್ಥ, ಶಿಮಾನೆಯ ಯಾಸುಗಿಯಲ್ಲಿ ತಯಾರಾಗೋ ಈ ಉಕ್ಕಿಗೆ ಸುತ್ತುತ್ತಿದ್ದ ಕಾಗದದ ಬಣ್ಣವೇ ಹೆಸರಾಗಿ ಉಳ್ಕೊಂಡಿದೆ, ಉಕ್ಕೇನೂ ನೀಲಿ ಇರಲ್ಲ! ಹರಿತ ಮಾತ್ರ ಅದ್ಭುತ. ಆದ್ರೆ ಮಾವಿನಕಾಯಿ, ನಿಂಬೆಹಣ್ಣು ಹೆಚ್ಚಿ ಹಾಗೇ ಇಟ್ಟು ಫೋನ್ ತಗೊಂಡ್ರೆ ವಾಪಸ್ ಬರೋಷ್ಟರಲ್ಲಿ ಕಪ್ಪು ಕಲೆ, ಕರಾವಳಿ ಮಳೆಗಾಲದಲ್ಲಂತೂ ತುಕ್ಕು ಒರೆಸೋದೇ ಕೆಲಸ. ಎರಡನೇ ಜಾತೀಲಿ ವಿಜಿ-10 ಅನ್ನೋದನ್ನ ಹುಡುಕಿ, ಎಚಿಜೆನ್‌ನಲ್ಲಿರೋ ತಾಕೆಫು ಸ್ಪೆಷಲ್ ಸ್ಟೀಲ್‌ನವರದ್ದು, ಮೊದಲ ಚಾಕುಗೆ ಧಾರಾಳವಾಗಿ ಸಾಕು. ಸ್ಟೇನ್‌ಲೆಸ್ ಅಂತ ರಾತ್ರಿಯೆಲ್ಲ ಸಿಂಕಲ್ಲಿ ನೆನೆಸಿಡಬೇಡಿ ಅಷ್ಟೇ.

ಅಲಗಿನ ಮೇಲೆ ನೀರಿನ ಅಲೆ ಥರ ಡಮಾಸ್ಕಸ್ ಗೆರೆ ಇರುತ್ತಲ್ಲ, ಅದಕ್ಕೆ ಮರುಳಾಗಬೇಡಿ. ಸಾಮಾನ್ಯವಾಗಿ ಗಟ್ಟಿ ಉಕ್ಕು ನಡುವೆ ಇರೋ ಒಂದು ತೆಳು ಹಾಳೆ, ಎರಡೂ ಬದಿ ಮೆತ್ತನೆಯ ಹೊದಿಕೆ, ಗೆರೆ ಇರೋದು ಹೊದಿಕೇಲಿ, ಈರುಳ್ಳಿ ಹೆಚ್ಚೋದು ನಡುವಿನ ಹಾಳೆ. ನೋಡೋಕೆ ಇಷ್ಟ ಆದ್ರೆ ತಗೊಳ್ಳಿ, ನಾನೂ ಬಿದ್ದಿದ್ದೀನಿ ಆ ಮೋಹಕ್ಕೆ.

ಕೈಯಲ್ಲಿ ಹಿಡಿದು ನೋಡೋ ಅವಕಾಶ ಸಿಕ್ರೆ ಬಿಡ್ಬೇಡಿ. ಹಿಡಿಯನ್ನ ಪೂರ್ತಿ ಮುಷ್ಟಿ ಕಟ್ಟಿ ಹಿಡೀಬೇಡಿ, ಹೆಬ್ಬೆರಳು ತೋರುಬೆರಳಿನಿಂದ ಅಲಗಿನ ಬುಡವನ್ನೇ ಚಿವುಟಿ ಹಿಡಿದು ಉಳಿದ ಮೂರು ಬೆರಳು ಹಿಡಿಗೆ ಸುತ್ತಿ. ಈಗ ಬಾಯಿಯನ್ನ ಮಣೆಗೆ ಇಟ್ರೆ ಬೆರಳ ಗೆಣ್ಣು ಮಣೆಗೆ ತಾಗಬಾರ್ದು, ಅಲಗು 45 ಮಿ.ಮೀ. ಅಗಲ ಇದ್ರೆ ಬಹಳ ಜನರಿಗೆ ತಾಗಲ್ಲ. ಚಾಕುವಿನ ಬೆನ್ನಿನ ಮೂಲೆ ತೋರುಬೆರಳಿಗೆ ಕೊರೀತಾ ಇದೆಯಾ ನೋಡಿ, ಅಂಗಡೀಲಿ ಸ್ವಲ್ಪ ಕೊರೆದದ್ದು ಎರಡು ಕೆಜಿ ಈರುಳ್ಳಿ ಆದ್ಮೇಲೆ ಬೊಬ್ಬೆ ಏಳಿಸುತ್ತೆ. ಒಂದು ಕಣ್ಣು ಮುಚ್ಚಿ ಹಿಡಿ ಕಡೆಯಿಂದ ಮೊನೆವರೆಗೆ ನೋಡಿ, ಅಲಗು ಸೊಟ್ಟ ಇದ್ರೆ ಗೊತ್ತಾಗುತ್ತೆ. ಮರದ ಜಪಾನಿ ಹಿಡಿ ಹಗುರ, ಮೊಳೆ ಹೊಡೆದ ಪಾಶ್ಚಾತ್ಯ ಹಿಡಿ ಭಾರ, ಇದು ನಿಮ್ಮ ಕೈಗೆ ಬಿಟ್ಟಿದ್ದು.

ಟೋಕಿಯೊಗೆ ಹೋಗೋರಿದ್ರೆ ಅಸಾಕುಸಾ ಹತ್ರ ಕಪ್ಪಾಬಾಶಿ ಅಂತ ಬೀದಿ ಇದೆ, ಇಡೀ ಬೀದಿ ಅಡುಗೆ ಸಾಮಾನೇ. ಚಾಕು ತಯಾರಿಕೆಗೆ ಹೆಸರಾದ ಊರು ಅಂದ್ರೆ ಒಸಾಕಾ ಪಕ್ಕದ ಸಾಕಾಯ್, ಗಿಫುವಿನ ಸೆಕಿ, ನಿಗಾತಾದ ತ್ಸುಬಾಮೆ ಮತ್ತು ಸಾಂಜೊ. ಅಲ್ಲಿ ತಗೊಂಡ್ಮೇಲೆ ಪೊಟ್ಟಣ ಬಿಚ್ಚಬೇಡಿ, ಸರಿಯಾದ ಕಾರಣ ಇಲ್ಲದೆ 6 ಸೆಂಟಿಮೀಟರ್‌ಗಿಂತ ಉದ್ದದ ಅಲಗು ಇಟ್ಕೊಂಡು ಓಡಾಡೋದು ಜಪಾನಿನಲ್ಲಿ ಅಪರಾಧ. ವಿಮಾನದಲ್ಲಿ ಚೆಕ್-ಇನ್ ಬ್ಯಾಗಲ್ಲೇ ಹಾಕ್ಬೇಕು.

ಕೊನೇದು ದುಡ್ಡಿನ ಲೆಕ್ಕ. ಇರೋದನ್ನೆಲ್ಲ ಚಾಕುಗೇ ಸುರೀಬೇಡಿ, ಒಂದು ಮೆಟ್ಟಿಲು ಕೆಳಗಿನ ಚಾಕು ತಗೊಂಡು ಉಳಿದಿದ್ದರಲ್ಲಿ 1000 ಗ್ರಿಟ್‌ನ (ಗ್ರಿಟ್ ಅಂದ್ರೆ ಕಲ್ಲಿನ ನಯದ ಅಳತೆ) ಸಾಣೆಕಲ್ಲು, ಒಂದು ಮರದ ಮಣೆ ತಗೊಳ್ಳಿ. ಗ್ರಾನೈಟ್ ಕಟ್ಟೆ ಮೇಲೆ, ಸ್ಟೀಲ್ ತಟ್ಟೇಲಿ ಇಟ್ಟು ಹೆಚ್ಚಿದ್ರೆ ಎಂಥಾ ಚಾಕೂ ಮೊಂಡಾಗುತ್ತೆ. ಹೆಚ್ಚಿದ ತರಕಾರಿನ ಬಾಯಿಂದ ಗೋರಬೇಡಿ, ಚಾಕು ತಿರುಗಿಸಿ ಬೆನ್ನಿಂದ ಗೋರಿ. ಬೀದಿಗೆ ಬರೋ ಸಾಣೆ ಚಕ್ರದವರ ಹತ್ರ ಇದನ್ನ ಕೊಡಬಾರ್ದು, ಒಣ ಚಕ್ರದ ಕಿಡಿ ಹಾರೋ ಬಿಸಿಗೆ ಉಕ್ಕಿನ ಹದವೇ ಹೋಗ್ಬಹುದು. ಮನೇಲೇ ಕಲ್ಲು ಒದ್ದೆ ಮಾಡಿ, 15 ಡಿಗ್ರಿ ಕೋನ ಅಂದ್ರೆ 45 ಮಿ.ಮೀ. ಅಲಗಿಗೆ ಬೆನ್ನಿನ ಕೆಳಗೆ ಕಿರುಬೆರಳ ತುದಿ ತೂರುವಷ್ಟು ಎತ್ತರ, ಹಾಗೆ ಹಿಡಿದು ಮಸೀರಿ. ಆ ಕಡೆ ಬದಿಯಲ್ಲಿ ಉಗುರಿಗೆ ಕೂದಲೆಳೆಯಷ್ಟು ತರಿ ಸಿಕ್ಕಿದ ಮೇಲೆ ತಿರುಗಿಸಿ ಇನ್ನೊಂದು ಬದಿ.

ನನ್ನ ಆ ಎರಡು ಚಕ್ಕೆಗಳಲ್ಲಿ ಒಂದು ಐದಾರು ಸಲ ಮಸೆದ ಮೇಲೆ ಪೂರ್ತಿ ಹೋಯ್ತು. ಇನ್ನೊಂದು ಗಸಗಸೆಯಷ್ಟು ಇದೆ, ಟೊಮ್ಯಾಟೊ ಸಿಪ್ಪೆಗೆ ಈಗಲೂ ಸಿಕ್ಕಿಹಾಕ್ಕೊಳ್ಳುತ್ತೆ.